ಬಾಗಲೊಲ್ಲದ ತಂತಿ

ರೋಗಿಯ ಹೆಸರು ಗುರುಬಸವ್ವ. ಅವಳ ಹೃದಯ ನಿಧಾನವಾಗಿ ಬಡಿಯುತ್ತಿತ್ತು, ಒಮ್ಮೊಮ್ಮೆ ನಿಂತೇ ಬಿಡುತ್ತಿತ್ತು. ಪೇಸ್‌ಮೇಕರಿನ ತಂತಿಯನ್ನು ವೈದ್ಯರು ಎಡಭುಜದ ರಕ್ತನಾಳದಿಂದ ಒಳಗಿಳಿಸಿದರು. ಬಲಕ್ಕೆ ತಿರುಗಬೇಕಾದಲ್ಲಿ ದಾರಿ ಇರಲಿಲ್ಲ. ಅದರ ಬದಲು, ಬೇರೆಯವರಲ್ಲಿ ಇರದ ಒಂದು ಅಭಿಧಮನಿ ಹುಟ್ಟಿನಿಂದಲೇ ಎಡಗಡೆಯಿಂದ ಹೃದಯಕ್ಕೆ ಇಳಿದಿತ್ತು.

"ನೀನು ಇಲ್ಲಿರಕೂಡದು. ನನಗೆ ಕಲಿಸಿದ ನಕ್ಷೆಯಲ್ಲಿ ನೀನಿಲ್ಲ," ಎಂದಿತು ತಂತಿ.

"ಸ್ವಾಮಿ, ಇವಳು ಹುಟ್ಟಿದಂದಿನಿಂದ ಇಲ್ಲೇ ರಕ್ತ ಹೊರುತ್ತಿದ್ದೇನೆ," ಎಂದಿತು ಅಭಿಧಮನಿ. "ನಿಮ್ಮ ನಕ್ಷೆ ಒಮ್ಮೆಯೂ ಬಂದು ವಿಚಾರಿಸಲಿಲ್ಲ."

"ನಾನು ಬಾಗುವುದಿಲ್ಲ. ನೀನೇ ಸರಿದುಕೋ."

ಅಭಿಧಮನಿಗೆ ಸರಿಯಲು ಬರುತ್ತಿರಲಿಲ್ಲ. ತಂತಿ ನೆಟ್ಟಗೆ ನುಗ್ಗಿ, ಹೃದಯದ ಮೇಲ್ಕೋಣೆಯ ಗೋಡೆಗೆ ತಲೆ ಬಡಿದುಕೊಂಡಿತು. ಅದು ಸೇರಬೇಕಾದ ಕೆಳಕೋಣೆಯ ಬಾಗಿಲು ಹಿಂದೆಯೇ ಉಳಿದಿತ್ತು.

"ನಿಮ್ಮ ವಾದ ಮುಗಿದ ಮೇಲೆ ತಿಳಿಸಿ," ಎಂದಿತು ಹೃದಯ. "ಅಲ್ಲಿಯವರೆಗೆ ಬಡಿಯುವ ಶಕ್ತಿ ನನಗಿಲ್ಲ."

ಅದು ನಿಂತಿತು. ಗುರುಬಸವ್ವನ ಕಣ್ಣು ಮೇಲಾಯಿತು.

ಆಗ ತಂತಿ ಬಾಗಿತು. ಗೋಡೆಗೆ ಒರಗಿ, ಕುಣಿಕೆಯಂತೆ ಸುತ್ತಿ, ಹಿಂದಿರುಗಿ ಬಾಗಿಲು ದಾಟಿ, ಕೆಳಕೋಣೆಗೆ ವಿದ್ಯುತ್ತಿನ ಮಿಡಿತ ಕೊಟ್ಟಿತು. ಹೃದಯ ಮತ್ತೆ ಬಡಿಯಿತು.

"ಬಾಗುವುದು ನಿನಗೆ ಮೊದಲೇ ಬರುತ್ತಿತ್ತೇ?" ಎಂದು ಹೃದಯ ಕೇಳಿತು.

"ಬರುತ್ತಿತ್ತು," ಎಂದಿತು ತಂತಿ.

ಓದಿದವರು ಇದನ್ನು, ಇನ್ನೂ ಬಾಗದೆ ನೆಟ್ಟಗೆ ನಿಂತಿರುವ ಒಬ್ಬರಿಗಾದರೂ ದಾಟಿಸಿ.