ಆಚೆಗೆ ಮಡಚಿದ ಎಲೆ

ಮದುವೆ ಛತ್ರದ ಊಟದ ಮನೆಯಲ್ಲಿ ತಿರುಮಲಯ್ಯ ಮೇಷ್ಟ್ರು ಸಾರನ್ನ ಕಲಸುತ್ತಿದ್ದರು. ಅವರ ಮುಂದಿದ್ದ ಬಾಳೆಲೆ ಅವರು ಕೂತಿದ್ದ ಕುರ್ಚಿಯನ್ನು ಕೇಳಿತು: "ನಿನ್ನ ಬೆನ್ನ ಮೇಲೆ ಯಾರದೋ ಕೈ ಇದೆಯಲ್ಲ?"

"ಮುಂದಿನ ಪಂಕ್ತಿಗೆ ಕಾಯುತ್ತಿರುವವನದು. ಪಲ್ಯ ಬಡಿಸಿದಾಗಿನಿಂದ ಹಿಡಿದು ನಿಂತಿದ್ದಾನೆ. ಹಿಂದೆಯೂ ನನ್ನನ್ನು ಹೀಗೇ ಹಿಡಿಯುತ್ತಿದ್ದರು. ಆದರೆ ಅದು ಇನ್ನೊಬ್ಬರಿಗೆ ಎಳೆದುಕೊಟ್ಟು, ಕೂತ್ಕೊಳ್ಳಿ ಅನ್ನುವುದಕ್ಕೆ."

ಅಷ್ಟರಲ್ಲಿ ಹಿಂದಿದ್ದವನು ಬಗ್ಗಿ, "ಯಜಮಾನ್ರೇ, ಆಯ್ತಲ್ಲ, ಏಳ್ರಿ ಮತ್ತೆ" ಎಂದ.

ಮಜ್ಜಿಗೆಯ ಬಕೆಟ್ಟು ಇನ್ನೂ ಎರಡು ಎಲೆ ಆಚೆಗಿತ್ತು. ಮೇಷ್ಟ್ರು ಕಲಸಿದ ಅನ್ನವನ್ನು ಹಾಗೇ ಬಿಟ್ಟು, ಎಲೆ ಮಡಚಿ ಎದ್ದರು. "ಕೂತ್ಕೊಳ್ಳಪ್ಪ, ನಿಧಾನವಾಗಿ ಊಟ ಮಾಡು" ಎಂದು ಹೇಳಿ ಕೈತೊಳೆಯಲು ಹೋದರು.

"ಅಯ್ಯೋ, ನನ್ನನ್ನು ಆಚೆಗೆ ಮಡಚಿಬಿಟ್ಟರಲ್ಲ!" ಎಂದಿತು ಎಲೆ. "ಮದುವೆ ಊಟದಲ್ಲಿ ತಮ್ಮ ಕಡೆಗೆ ಮಡಚಬೇಕು. ಆಚೆಗೆ ಮಡಚುವುದು ತಿಥಿ ಊಟದಲ್ಲಿ."

"ಇಲ್ಲಿ ಯಾರೂ ಸತ್ತಿಲ್ಲವಲ್ಲ," ಎಂದಿತು ಕುರ್ಚಿ. "ಅವಸರದಲ್ಲಿ ತಪ್ಪಿರಬೇಕು."

"ತಪ್ಪಿಲ್ಲ," ಎಂದಿತು ಎಲೆ. "ನೋಡಿಕೊಂಡೇ, ಮೆಲ್ಲಗೆ ಮಡಚಿದರು."