ಬಕೆಟ್ಟಿನ ತಳದ ಸುಣ್ಣ

“ಗುರುಗಳೇ, ಭೂಮಿಗೆ ಹೊರೆಯಾಗದ ಹಾಗೆ ಮನೆ ಇಟ್ಟುಕೊಳ್ಳುವುದು ಉಳ್ಳವರಿಗೆ ಮಾತ್ರ ಸಾಧ್ಯವೇ?”

ಶಿಷ್ಯ ಇದನ್ನು ಕೇಳಿದ್ದು ಅಕ್ಕಿ ತೊಳೆಯುತ್ತಾ. ಆ ದಿನ ಅಡುಗೆಯ ಪಾಳಿ ಅವನದು. ಪೇಟೆಯಲ್ಲಿ ಒಬ್ಬ ದೊಡ್ಡ ಮನುಷ್ಯ ಮಾಡಿದ ಭಾಷಣ ಅವನನ್ನು ಇನ್ನೂ ಕೆರಳಿಸುತ್ತಿತ್ತು. “ಸೂರಿನ ಮೇಲೆ ಸೋಲಾರ್ ಹಾಕಿಸಿ ಅಂತಾರೆ. ಕಿಟಕಿಗೆ ಜೋಡಿ ಗಾಜು ಇಡಿಸಿ ಅಂತಾರೆ. ನಮ್ಮಂಥವರ ಎಷ್ಟೋ ಮನೆಗೆ ಕಿಟಕಿಯೇ ಇಲ್ಲ. ಭೂಮಿ ಕೆಡಿಸಿದವರೂ ಅವರೇ, ಉಳಿಸಿದ ಪುಣ್ಯವೂ ಅವರಿಗೇ!” ಎನ್ನುತ್ತಾ ತೊಳೆದ ನೀರನ್ನು ರೊಯ್ಯನೆ ಚರಂಡಿಗೆ ಸುರಿದ. ಚರಂಡಿಯ ಪಕ್ಕದ ಗೋಡೆಗೆ ಹಬ್ಬಿಸಿದ್ದ ಬಸಳೆ ಬಳ್ಳಿ ಬಾಡಿ ಜೋತುಬಿದ್ದಿತ್ತು.

ಗುರು ಕುಳಿತಲ್ಲಿಂದಲೇ ನೋಡಿದರು. “ನಿನ್ನ ಸಿಟ್ಟು ಸರಿಯಾಗಿದೆ, ಬಿಡಬೇಡ,” ಎಂದರು. “ಅಕ್ಕಿ ಬೇಯುವುದರೊಳಗೆ ಒಂದು ಕತೆ ಕೇಳು.”

ಒಂದು ಊರಿನಲ್ಲಿ ಸುಣ್ಣ ಬಳಿಯುವವನೊಬ್ಬನಿದ್ದ. ಯುಗಾದಿ ಹತ್ತಿರ ಬಂದರೆ ಊರಿಗೆಲ್ಲ ಅವನೇ ಬೇಕು. ಆ ಊರಿನ ಪದ್ಧತಿ ಏನೆಂದರೆ, ಬೀದಿಗೆ ಕಾಣುವ ಗೋಡೆಗೆ ಎರಡು ಸಲ ಸುಣ್ಣ, ಹಿಂದಿನ ಗೋಡೆಗೆ ಒಂದು ಸಲ, ಯಾರ ಕಣ್ಣಿಗೂ ಬೀಳದ ಕಡೆಗೆ ಏನೂ ಇಲ್ಲ. ತನ್ನ ಮನೆಗೂ ಅವನು ಹಾಗೆಯೇ ಬಳಿಯುತ್ತಿದ್ದ. ಪ್ರತಿ ಸಂಜೆ ಬಕೆಟ್ಟಿನ ತಳದಲ್ಲಿ ಉಳಿದ ಗಟ್ಟಿ ಸುಣ್ಣವನ್ನು ಚರಂಡಿಗೆ ಸುರಿದು, ಬಕೆಟ್ಟು ತೊಳೆದು ಮನೆಗೆ ಹೋಗುತ್ತಿದ್ದ. ಅವನ ಅಪ್ಪನೂ ಹಾಗೆಯೇ ಮಾಡುತ್ತಿದ್ದ.

ಅವನ ಮನೆಗೆ ಸಿಮೆಂಟ್ ಶೀಟಿನ ಸೂರು. ಹೊಗೆ, ಪಾಚಿ, ಧೂಳು ಕೂತು ಅದು ಕಾವಲಿಯ ಹಾಗೆ ಕಪ್ಪಾಗಿತ್ತು. ಬೇಸಿಗೆಯ ಮಧ್ಯಾಹ್ನ ಒಳಗೆ ಕೂತವರ ನೆತ್ತಿ ಸುಡುತ್ತಿತ್ತು. ಫ್ಯಾನು ಹಾಕಿದರೆ ಅದೇ ಬಿಸಿಗಾಳಿ ಮುಖಕ್ಕೆ ಬಡಿಯುತ್ತಿತ್ತು.

ಆ ವರ್ಷ ಅವನ ಹೆಂಡತಿ ತವರಿನಲ್ಲಿ ಹೆಣ್ಣು ಕೂಸು ಹೆತ್ತಳು. ಕೂಸು ಬರುತ್ತದೆಂದು ಅವನು ಹಬ್ಬಕ್ಕಿಂತ ಮುಂಚೆಯೇ ಮುಂದಿನ ಗೋಡೆಗೆ ಸುಣ್ಣ ಬಳಿದ. ಮೂರು ತಿಂಗಳು ತುಂಬಿದ ಮೇಲೆ ಇಬ್ಬರನ್ನೂ ಕರೆತರಲು ಹೋದ. ಅತ್ತೆ ಬಾಗಿಲಲ್ಲೇ ನಿಂತಳು.

“ಮಗಳನ್ನು ಕೊಟ್ಟಿದ್ದು ನಿಜ, ಅಳಿಯಂದ್ರೇ. ಕೂಸನ್ನು ಮಾತ್ರ ಆ ಕಾವಲಿ ಮೇಲೆ ಹಾಕಲ್ಲ. ಹೋದ ಬೇಸಿಗೇಲಿ ಎರಡು ದಿನ ಇದ್ದು ನೋಡಿದ್ದೀನಿ. ನಿಮ್ಮ ಮನೆಯೊಳಗೆ ಹಿಟ್ಟು ತಟ್ಟಿಟ್ಟರೆ ರೊಟ್ಟಿ ಆಗುತ್ತೆ.”

“ಗೋಡೆಗೆ ಹೊಸ ಸುಣ್ಣ ಹೊಡೆದಿದ್ದೀನಲ್ಲ ಅತ್ತೆ?”

“ಬಿಸಿಲೇನು ನೆಂಟರ ಥರ ಮುಂಬಾಗಿಲಿನಿಂದ ಬರುತ್ತಾ? ಮಳೆ ಹಿಡಿಯೋವರೆಗೂ ಇಬ್ಬರೂ ಇಲ್ಲೇ ಇರಲಿ.”

ಅವನು ಒಬ್ಬನೇ ಹಿಂತಿರುಗಿದ. ಮಳೆಗೆ ಇನ್ನೂ ಮೂರು ತಿಂಗಳಿತ್ತು. ಹುಟ್ಟಿದಾಗಿನಿಂದ ಆ ಕೂಸನ್ನು ಅವನು ಎತ್ತಿಕೊಂಡದ್ದು ಎರಡೇ ಸಲ.

ಮರುದಿನ ಒಬ್ಬ ಸಾಹುಕಾರನ ತಾರಸಿಯ ಮೇಲೆ ಕೆಲಸ. ಸುತ್ತಲಿನ ಮೋಟುಗೋಡೆಗೆ ಬಳಿಯಬೇಕು. ಆ ಮನೆಯ ಪ್ರತಿ ಕೋಣೆಗೂ ಒಂದು ಏಸಿ. ಒಳಗಿನ ಬಿಸಿಯನ್ನೆಲ್ಲ ಅವು ಬೀದಿಯಲ್ಲಿ ನಡೆಯುವವರ ಮೇಲೆ ಉಗುಳುತ್ತಿದ್ದವು.

“ಚಪ್ಪಲಿ ಕೆಳಗೇ ಬಿಡಯ್ಯಾ. ಮೇಲೆ ಸಂಡಿಗೆ ಒಣಗಿಸ್ತಾರೆ,” ಎಂದ ಸಾಹುಕಾರ.

“ಕಾಲು ಸುಡುತ್ತೆ, ಸಾಹುಕಾರ್ರೇ.”

“ಬೇಗ ಬೇಗ ಬಳಿ. ಸುಡಲ್ಲ.”

ಸಂಡಿಗೆಗೆ ಇದ್ದ ಮರ್ಯಾದೆ ಮನುಷ್ಯನ ಕಾಲಿಗಿರಲಿಲ್ಲ. ಅವನು ಬರಿಗಾಲಲ್ಲಿ ಹತ್ತಿದ. ಮಧ್ಯಾಹ್ನದ ಹೊತ್ತಿಗೆ ನೆಲ ಕೆಂಡವಾಯಿತು. ಒಂದು ಕಾಲು ಎತ್ತಿ ಇನ್ನೊಂದು ಇಡುತ್ತಾ ಬಳಿದ. ಹಾಗೆ ಕುಣಿಯುತ್ತಿದ್ದಾಗ ಒಂದು ಕಡೆ ಇಟ್ಟ ಕಾಲನ್ನು ಎತ್ತಬೇಕೆನಿಸಲಿಲ್ಲ. ಇನ್ನೊಂದನ್ನೂ ಅಲ್ಲೇ ಇಟ್ಟ. ಸುಡಲಿಲ್ಲ. ಬಗ್ಗಿ ನೋಡಿದ. ಬೆಳಗ್ಗೆ ಅವನ ಬಕೆಟ್ಟಿನಿಂದ ಚೆಲ್ಲಿ ಒಣಗಿದ್ದ ಸುಣ್ಣ, ಮೊರದಗಲ. ಪಕ್ಕದ ಕಪ್ಪು ನೆಲಕ್ಕೆ ಕೈಯಿಟ್ಟ, ಚುರ್ರೆಂದಿತು. ಬಿಳಿಯ ಮೇಲೆ ಇಟ್ಟ, ಬೆಚ್ಚಗಿತ್ತು, ಅಷ್ಟೇ. ಇಪ್ಪತ್ತು ವರ್ಷ ಸುಣ್ಣ ಹಿಡಿದ ಕೈಗೆ ತಿಳಿಯದ್ದು ಅಂಗಾಲಿಗೆ ತಿಳಿಯಿತು. ಬಿಸಿಲು ಮುಂಬಾಗಿಲಿನಿಂದ ಬರುವುದಿಲ್ಲವೆಂಬ ಅತ್ತೆಯ ಮಾತೂ ಆಗ ನೆನಪಾಯಿತು.

ಆ ಸಂಜೆ ಅವನು ಬಕೆಟ್ಟಿನ ತಳದ ಸುಣ್ಣವನ್ನು ಚರಂಡಿಗೆ ಸುರಿಯಲಿಲ್ಲ. ಮನೆಗೆ ಹೊತ್ತ. ಮರುದಿನವೂ ಹೊತ್ತ. ಹತ್ತು ದಿನಕ್ಕೆ ಒಂದು ಡ್ರಮ್ಮು ತುಂಬಿತು. ಸೂರಿನ ಪಾಚಿಯನ್ನು ನೀರು ಹಾಕಿ ಉಜ್ಜಿ ತೆಗೆದ. ಸುಣ್ಣ ಸೋಸಿ, ಅಂಟಲೆಂದು ಗಂಜಿ ಬೆರೆಸಿ, ಒಂದು ಹಿಡಿ ಉಪ್ಪು ಹಾಕಿದ. ಶೀಟು ಒಡೆಯದಂತೆ ಹಲಗೆ ಹಾಸಿಕೊಂಡು ಎರಡು ಸಲ ಬಳಿದ. ಬೀದಿಯವರು ತಲೆಯೆತ್ತಿ ನಕ್ಕರು.

“ಏನೋ, ಆಕಾಶದಿಂದ ಬೀಗರು ಬರ್ತಾರಾ?”

“ದಿನಾ ಬರ್ತಾನಲ್ಲ ಒಬ್ಬ,” ಎಂದು ಅವನು ಸೂರ್ಯನನ್ನು ತೋರಿಸಿದ.

ಪಡುವಣ ಕಿಟಕಿಗೆ ಹಳೆಯ ಗೋಣಿಚೀಲ ಒದ್ದೆ ಮಾಡಿ ಕಟ್ಟಿದ. ಆಮೇಲೆ ಅತ್ತೆಗೆ ಹೇಳಿ ಕಳಿಸಿದ.

ಅತ್ತೆ ಪರೀಕ್ಷೆಗೆಂದೇ ನಡುಮಧ್ಯಾಹ್ನ ಬಂದಳು. ಫ್ಯಾನು ಹಾಕಲು ಬಿಡಲಿಲ್ಲ. ಗೋಡೆಗೆ ಒರಗಿ ಕೂತಳು. ಸೆಕೆ ಇತ್ತು, ಆದರೆ ಮೈ ಬೇಯುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಸೆರಗು ಹಾಸಿ ಮಲಗಿದಳು. ಅವಳ ಗೊರಕೆ ಕೇಳಿದಾಗ ಅವನಿಗೆ ಹೋದ ಜೀವ ಬಂದಂತಾಯಿತು. ಎದ್ದವಳು ಸೂರನ್ನೊಮ್ಮೆ ನೋಡಿ, “ನಾಳೆ ಬಂದು ಕರ್ಕೊಂಡು ಹೋಗಿ, ಅಳಿಯಂದ್ರೇ,” ಎಂದಳು.

ಕೂಸು ಬಂದ ದಿನ ಮಧ್ಯಾಹ್ನ ತೊಟ್ಟಿಲಲ್ಲಿ ಕೈಕಾಲು ಚೆಲ್ಲಿ ನಿದ್ದೆ ಹೋಯಿತು. ಅವನು ಬಕೆಟ್ಟನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಅತ್ತೆಯಿದ್ದ ಊರಿನ ಕಡೆ ತಿರುಗಿ ಕೈಮುಗಿದ. ಕೊನೆಗೆ ತನ್ನ ಒಡೆದ ಅಂಗಾಲನ್ನು ತೊಡೆಯ ಮೇಲಿಟ್ಟು, ಹಿರಿಯರ ಪಾದ ತೊಳೆಯುವ ಹಾಗೆ ತೊಳೆದು, ಎಣ್ಣೆ ಹಚ್ಚಿದ. “ನಿನ್ನ ಉಪಕಾರ ದೊಡ್ಡದು,” ಎಂದ. ಮಳೆಗಾಲದಲ್ಲಿ ಸುಣ್ಣ ತೊಳೆದುಹೋಯಿತು. ಮರುವರ್ಷ ಮತ್ತೆ ಬಳಿದ. ಮೊದಲು ನಕ್ಕಿದ್ದವರೇ ತಮ್ಮ ಸೂರಿಗೂ ಬಳಿದುಕೊಡು ಎಂದು ಬಂದರು.

ಗುರು ಕತೆ ಮುಗಿಸಿದರು. “ಆ ಸಾಹುಕಾರ?” ಎಂದು ಕೇಳಿದ ಶಿಷ್ಯ.

“ಇನ್ನೂ ಬೀದಿಗೆ ಬಿಸಿ ಉಗುಳುತ್ತಿದ್ದಾನೆ. ಅವನನ್ನು ಕೇಳಲು ಎಲ್ಲರೂ ಸೇರಿಯೇ ಹೋಗಬೇಕು. ಹೋಗೋಣ.”

ಶಿಷ್ಯನಿಗೆ ಖುಷಿಯಾಯಿತು. “ಆದರೂ ಗುರುಗಳೇ, ಎಂಥ ದಡ್ಡ ಆ ಸುಣ್ಣದವನು! ಅಂಥ ಸುಣ್ಣವನ್ನು ಇಪ್ಪತ್ತು ವರ್ಷ ಚರಂಡಿಗೆ ಸುರಿದನಲ್ಲ!” ಎಂದು ಜೋರಾಗಿ ನಕ್ಕ.

ಗುರು ಬಸಳೆ ಬಳ್ಳಿಯ ಕಡೆ ನೋಡುತ್ತಾ ಕೇಳಿದರು: “ಅಕ್ಕಿ ತೊಳೆದ ನೀರನ್ನು ನೀನು ಎಲ್ಲಿಗೆ ಸುರಿದೆ?”