ಹೊಗೆಕೊಳವೆಯ ಗೃಹಪ್ರವೇಶ

ಸುಬ್ಬಕ್ಕನ ಹೊಸ ಮನೆಯಲ್ಲಿ ಹಾಲುಕ್ಕಿಸುವ ದಿನ, ಕಬ್ಬಿಣದ ಸೌದೆ ಒಲೆಯ ಹೊಗೆಕೊಳವೆಗೆ ತಾನೇ ಮುಖ್ಯ ಅತಿಥಿ ಎನ್ನುವ ಬಿಂಕ. ಇಟ್ಟಿಗೆಯ ಚಿಮಣಿ ತನ್ನ ಗೋಡೆಯ ತೂತು ತೋರಿಸಿ, “ಬನ್ನಿ ಸ್ವಾಮಿ. ಆದರೆ ಗೋಡೆ ದಾಟಿ ಒಳಗೆ ಬರಬೇಡಿ, ಅಂಚಿನಲ್ಲೇ ನಿಲ್ಲಿ” ಎಂದಿತು.

“ಹೊಸ್ತಿಲಲ್ಲಿ ನಿಲ್ಲಲು ನಾನೇನು ಭಿಕ್ಷೆಗೆ ಬಂದವನೇ?” ಎಂದು ಕೊಳವೆ ಸರ್ರನೆ ಒಳನುಗ್ಗಿ, ಚಿಮಣಿಯೊಳಗಿನ ಎದುರುಗೋಡೆಗೆ ಬಾಯಿ ಆನಿಸಿ ಹಾಯಾಗಿ ಕೂತಿತು.

ಸುಬ್ಬಕ್ಕ ಒಲೆ ಹಚ್ಚಿದಳು. ಮೇಲೆ ಹೋಗಲು ದಾರಿ ಸಿಗದ ಹೊಗೆ ಹಿಂದಿರುಗಿ ಅಡುಗೆಮನೆ ತುಂಬಿತು. ಪುರೋಹಿತರು ಮಂತ್ರದ ನಡುವೆ ಕೆಮ್ಮಿದರು, ಬೀಗರು ಕಣ್ಣುಜ್ಜಿಕೊಳ್ಳುತ್ತಾ ಅಂಗಳಕ್ಕೆ ಓಡಿದರು. ಮುಹೂರ್ತ ಮುಗಿಯುತ್ತಾ ಬಂದರೂ ಹಾಲು ಬೆಚ್ಚಗೂ ಆಗಿರಲಿಲ್ಲ.

“ಎಂಥ ಮನೆಯಯ್ಯಾ ನಿನ್ನದು, ಉಸಿರಾಡಲೂ ಜಾಗವಿಲ್ಲ!” ಎಂದು ಕೊಳವೆ ಚಿಮಣಿಯ ಮೇಲೆಯೇ ರೇಗಿತು.

“ಅಯ್ಯೋ, ಇದು ತೀರಾ ಒಳಗೆ ಹೋಗಿ ಬಾಯಿ ಆಚೆ ಗೋಡೆಗೆ ಅಂಟಿಕೊಂಡಿದೆಯಲ್ಲ!” ಎಂದ ಸುಬ್ಬಕ್ಕ, ಒದ್ದೆ ಗೋಣಿತಾಟು ಹಿಡಿದು ಕೊಳವೆಯನ್ನು ಗೇಣುದ್ದ ಈಚೆಗೆ ಎಳೆದಳು, ಸುತ್ತಲಿನ ಸಂದಿಗೆ ಹಸಿಮಣ್ಣು ಮೆತ್ತಿದಳು. ಹೊಗೆ ಬುಸ್ಸೆಂದು ಮೇಲೇರಿತು, ಹಾಲು ಉಕ್ಕಿತು.

ಕೊಳವೆ ಆಗ ಮೊದಲ ಬಾರಿ ಮೇಲೆ ನೋಡಿತು. “ಅರೆ, ನಿಮ್ಮ ಮನೆಯಲ್ಲಿ ಆಕಾಶವೂ ಇದೆಯೇ?”

“ಮೊದಲಿನಿಂದಲೂ ಇದೆ ಸ್ವಾಮಿ,” ಎಂದಿತು ಚಿಮಣಿ. “ಹೊಸ್ತಿಲಲ್ಲಿ ನಿಂತವರಿಗೆ ಕಾಣುತ್ತದೆ.”